ಮೋಡ ನೋಡಲು ಎಷ್ಟು ಜಿಬಿ ಬೇಕು?

ತಿಪಟೂರು ಸೀಮೆಯಲ್ಲಿ ಮಳೆಯ ವಿಚಾರಕ್ಕೆ ಪಂಡಿತರ ಬರ ಬಿದ್ದದ್ದೇ ಇಲ್ಲ. ಎಪಿಎಂಸಿ ಪಕ್ಕದ ಹೋಟೆಲಿನಲ್ಲಿ ಬೈಟು ಕಾಫಿ ಮುಗಿಯುವಷ್ಟರಲ್ಲಿ ಭರಣಿ ಕೈಕೊಟ್ಟದ್ದು, ಕೃತ್ತಿಕೆಯಲ್ಲಿ ಹೆಸರು ಬಾಡಿದ್ದು, ರೋಹಿಣಿ ಹೇಗಿದ್ದೀತು ಎಂಬುದೆಲ್ಲ ಇತ್ಯರ್ಥವಾಗಿರುತ್ತದೆ. ಈಚೆಗೆ ಈ ಸಭೆಗೆ ಮೊಬೈಲಿನ ರೇಡಾರ್ ಚಿತ್ರವೂ ಬಂದು ಕೂತಿದೆ. "ಇಗೋ ನೋಡಿ, ತುರುವೇಕೆರೆ ಮೇಲೇ ಕೆಂಪಗಿದೆ" ಎನ್ನುವ ಹುಡುಗರಿಗೂ, ಒಮ್ಮೆ ಕತ್ತೆತ್ತಿ "ಬರಲ್ಲ ಬಿಡ್ರಪ್ಪ" ಎನ್ನುವ ಹಿರಿಯರಿಗೂ ಸರಿಸಮನಾದ ಜಗಳ.

ನಮ್ಮಣ್ಣನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಈ ಜಗಳವನ್ನು ಒಂದೇ ಏಟಿಗೆ ತೀರಿಸುವ ಉಪಾಯ ಅವನಲ್ಲಿದೆ. "ಚಿಕ್ಕಪ್ಪ, ಅಪ್ಪಂಗೆ ನೀವೊಂದು ಮಾತು ಹೇಳಿ. ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ರೆ ಮೋಡ ತ್ರೀಡಿಯಲ್ಲಿ ಕಾಣುತ್ತೆ. ಕೊಬ್ಬರಿ ಬಿಸಿಲಿಗೆ ಹಾಕೋದು ಯಾವಾಗ, ಎತ್ತೋದು ಯಾವಾಗ ಅಂತ ಮೊದಲೇ ಗೊತ್ತಾಗುತ್ತೆ." ಕೊಬ್ಬರಿಯ ಮಾತೆತ್ತಿದರೆ ಅಪ್ಪ ಕರಗುತ್ತಾನೆಂಬ ಲೆಕ್ಕಾಚಾರ. ಅವನು ಕಣ್ಣಿಟ್ಟಿದ್ದು ಎನ್‌ವಿಡಿಯಾದ ಆರ್‌ಟಿಎಕ್ಸ್ 4090 ಮೇಲೆ. 2022ರಲ್ಲಿ ಬಿಡುಗಡೆಯಾದಾಗಲೇ ಅದರ ಬೆಲೆ ಒಂದೂವರೆ ಲಕ್ಷ ದಾಟಿತ್ತು. 2024ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ. ಅಂದರೆ ಹೆಚ್ಚುಕಡಿಮೆ 13 ಕ್ವಿಂಟಲ್! ತಿಂಗಳುಗಟ್ಟಲೆ ಅಟ್ಟದಲ್ಲಿ ಕೂತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಎನ್ನುವವರೆಗೆ ಕಾದ ಕಾಯಿಗಳ ತಪಸ್ಸೆಲ್ಲ ಒಂದು ಕಾರ್ಡಿಗೆ. ಅದು ಎಳೆಯುವ ಕರೆಂಟು 450 ವಾಟ್. ನಮ್ಮ ಕಡೆಯ ವೋಲ್ಟೇಜು ಅದನ್ನು ಕೇಳಿಯೇ ಕುಸಿದೀತು.

ಹುಡುಗನ ಆಸೆಗೆ ತಣ್ಣೀರೆರಚುವ ಮೊದಲು ರೇಡಾರ್ ಮಾಡುವುದೇನೆಂದು ನೋಡೋಣ. ಬಟ್ಟಲಿನಂಥ ಆಂಟೆನಾ ಸುತ್ತುತ್ತಾ ಅಲೆ ಬಿಡುತ್ತದೆ, ಹನಿಗಳಿಗೆ ತಾಗಿ ಮರಳಿದ್ದನ್ನು ಅಳೆಯುತ್ತದೆ, ಆಮೇಲೆ ಕೊಂಚ ಮೇಲೆ ಮುಖ ಮಾಡಿ ಮತ್ತೆ ಸುತ್ತುತ್ತದೆ. ಅಮೆರಿಕದ ಹವಾಮಾನ ರೇಡಾರುಗಳು ಅತಿ ಸೂಕ್ಷ್ಮವಾಗಿ ನೋಡಿದಾಗಲೂ ಒಂದು ಸುತ್ತಿಗೆ 720 ಗೆರೆ, ಗೆರೆಗೆ 1,800 ಚಿಲ್ಲರೆ ಮನೆಗಳು. ಒಟ್ಟು 13 ಲಕ್ಷದ ಆಸುಪಾಸು. ಸಾಧಾರಣ ಫುಲ್ ಎಚ್‌ಡಿ ಪರದೆಯಲ್ಲಿ ಇರುವ ಚುಕ್ಕಿಗಳೇ 20 ಲಕ್ಷಕ್ಕೂ ಹೆಚ್ಚು. ಹೀಗಾಗಿ ಚಪ್ಪಟೆ ಚಿತ್ರ ತೋರಿಸಲು ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್ ಧಾರಾಳ ಸಾಕು. ಹತ್ತಾರು ಸುತ್ತುಗಳನ್ನು ಒಂದರ ಮೇಲೊಂದು ಪೇರಿಸಿ, ಗಟ್ಟಿ ಮೋಡ ಮಾಡಿ, ಮೌಸಿನಲ್ಲಿ ತಿರುಗಿಸಬೇಕೆಂದಾಗ ಮಾತ್ರ ಬೇರೆ ಕಾರ್ಡಿನ ಮಾತು. ಅದಕ್ಕೂ ಮಧ್ಯಮ ದರ್ಜೆಯದು ಸಾಕು. ಪೈ-ಆರ್ಟ್‌ನಂಥ ಉಚಿತ ರೇಡಾರ್ ತಂತ್ರಾಂಶದಲ್ಲಿ ದುಡಿಯುವುದು ಪ್ರೊಸೆಸರ್ ಮತ್ತು ರ್‍ಯಾಮ್. ಕಾರ್ಡು ಆಕಳಿಸುತ್ತಾ ಕೂತಿರುತ್ತದೆ.

ಇನ್ನೊಂದು ತಮಾಷೆ ಇದೆ. ಅಮೆರಿಕದ ಸುಮಾರು 160 ರೇಡಾರುಗಳ ಮೂಲ ದತ್ತಾಂಶ 2015ರಿಂದ ಅಮೆಜಾನ್ ಕ್ಲೌಡ್‌ನಲ್ಲಿ ಪುಕ್ಕಟೆ. ಒಕ್ಲಹೋಮದ ಬಿರುಗಾಳಿಯನ್ನು ನಮ್ಮ ಹುಡುಗ ಹೊನ್ನವಳ್ಳಿಯಲ್ಲಿ ಕೂತು ಬುಗುರಿಯಂತೆ ತಿರುಗಿಸಬಹುದು. ಹೊನ್ನವಳ್ಳಿಯದೇ ಮಳೆ ಕೇಳಿದರೆ, ನಮ್ಮಂಥವರಿಗೆ ಸುಲಭಕ್ಕೆ ಸಿಗುವುದು ಹವಾಮಾನ ಇಲಾಖೆ ಬಣ್ಣ ಬಳಿದು ಮುಗಿಸಿದ ಚಿತ್ರ. ಅದನ್ನು ನೋಡಲು ಅಣ್ಣನ ಹಳೇ ಮೊಬೈಲೂ ಆದೀತು.

ಇನ್ನು ರೇಡಾರಿನ ಕಣ್ಣು ಎಷ್ಟು ದೂರ ಹೋದೀತೆಂಬ ಕಥೆ ಕೇಳಿ. ಚೆನ್ನೈ ರೇಡಾರಿನ 250 ಕಿಲೋಮೀಟರ್ ವೃತ್ತ ಕೋಲಾರ ದಾಟುತ್ತಿದ್ದಂತೆ ಮುಗಿಯುತ್ತದೆ. ತಿಪಟೂರು ಚೆನ್ನೈಯಿಂದ 400 ಕಿಲೋಮೀಟರ್ ಆಚೆ. ಭೂಮಿ ಗುಂಡಗಿರುವುದರಿಂದ ಅರ್ಧ ಡಿಗ್ರಿ ಎತ್ತಿ ಬಿಟ್ಟ ಕಿರಣ ಇಲ್ಲಿಗೆ ಬರುವಷ್ಟರಲ್ಲಿ 12 ಕಿಲೋಮೀಟರಿಗೂ ಮೇಲಿರುತ್ತದೆ, ಏಳು ಕಿಲೋಮೀಟರ್ ಅಗಲವಾಗಿರುತ್ತದೆ. ಅದರ ಕಣ್ಣಿಗೆ ಬೀಳುವುದು ಭಾರಿ ಗುಡುಗುಮೋಡದ ನೆತ್ತಿ. ಅದರಡಿ ಚಿಕ್ಕನಾಯಕನಹಳ್ಳಿಯ ತೋಟ ನೆನೆಯಿತೋ ಒಣಗಿತೋ, ಅದಕ್ಕೆ ಯಾವ ಲೆಕ್ಕ? ಗೋವಾ ಕಡೆಯಿಂದಲೂ ದೂರ ಹೆಚ್ಚು ಕಡಿಮೆಯಿಲ್ಲ. ದುಬಾರಿ ಕಾರ್ಡು ಇಷ್ಟು ದೂರದಿಂದ ತೆಗೆದ ಚಿತ್ರದ ದಪ್ಪ ಚೌಕಗಳ ಅಂಚನ್ನು ನಯಮಾಡಿ, ಯಾರ ತೋಟದ ಬದುವಿಗೆ ಮಳೆ ನಿಂತಿತೆಂದು ಬಲ್ಲಂತೆ ತೋರಿಸುತ್ತದೆ. ಚಿಪ್ಪಿಗೆ ಎಷ್ಟು ಪಾಲಿಶ್ ಹಾಕಿದರೂ ಒಳಗಿನ ಕೊಬ್ಬರಿ ದಪ್ಪವಾದೀತೆ?

ಆದ್ದರಿಂದ ಅಣ್ಣನ ಮುಂದೆ ನನ್ನ ಶಿಫಾರಸು ಇಷ್ಟು: 16 ಜಿಬಿ ರ್‍ಯಾಮ್, ಒಂದು ಎಸ್‌ಎಸ್‌ಡಿ, ಕರೆಂಟು ಕಣ್ಣಾಮುಚ್ಚಾಲೆ ಆಡುವ ಊರಿಗೆ ತಕ್ಕ ಯುಪಿಎಸ್. ಉಳಿದದ್ದರಲ್ಲಿ ಅಂಗಳಕ್ಕೊಂದು ಮಳೆಮಾಪಕ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಬಿದ್ದ ಮಳೆಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಅಳೆಯುತ್ತದೆ. ಅದರ ವರುಣಮಿತ್ರ ಸಹಾಯವಾಣಿಗೆ ಫೋನು ಮಾಡಿದರೆ ಮುನ್ಸೂಚನೆಯನ್ನೂ ಹೇಳುತ್ತಾರೆ. ಅದಕ್ಕೆ ಜಿಬಿಯ ಹಂಗಿಲ್ಲ.

ಹುಡುಗನ ಮುಖ ಬಾಡಿತು. "ಹಾಗಾದ್ರೆ ಗೇಮ್?" ಎಂದ. ಈಗ ದಾರಿಗೆ ಬಂದ! ಇಪ್ಪತ್ತರ ಹುಡುಗನಿಗೆ ಅದು ನ್ಯಾಯವಾದ ಆಸೆಯೇ. ಅಪ್ಪನ ಹತ್ತಿರ ನೇರವಾಗಿ ಕೇಳಿ, ಬೈಸಿಕೊಂಡು, ಕೊನೆಗೆ ಕೊಡಿಸಿಕೊಳ್ಳಲಿ. ಮಳೆರಾಯನ ಹೆಸರಿಗೆ ಬಿಲ್ ಹರಿಸುವುದು ಬೇಡ.