ಚಿಕ್ಕಪ್ಪನ ಪಿಸ್ತೂಲು

ನಮ್ಮ ಊರಿನಲ್ಲಿ ಬಂದೂಕಿಗೆ ಮೂರು ಹೆಸರು. ಮನೆಯೊಳಗೆ ಕೋವಿ, ತೋಟದ ಕೆಲಸದವರ ತುಳುವಿನಲ್ಲಿ ಬೆಡಿ, ಠಾಣೆಯ ಮಲಯಾಳದಲ್ಲಿ ತೋಕ್ಕ್. ಹಂದಿ ಓಡಿಸಲೆಂದು ಲೈಸೆನ್ಸ್ ಮಾಡಿಸಿ ಕೋವಿ ಇಟ್ಟುಕೊಂಡ ಮನೆಗಳು ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಹಿಂದೆ ಅನೇಕ ಇದ್ದವು, ಈಗಲೂ ಕೆಲವು ಉಳಿದಿವೆ. ಆದರೆ ನಮ್ಮ ಚಿಕ್ಕಪ್ಪನಲ್ಲಿ ಇದ್ದದ್ದು ಕೋವಿಯಲ್ಲ, ಪಿಸ್ತೂಲು. ಅದಕ್ಕೆ ಮೂರು ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ ಹೆಸರು. ಮೂರು ಭಾಷೆಯವರಿಗೂ ಒಂದೇ ಕುತೂಹಲ.

ಚಿಕ್ಕಪ್ಪ ಸೈನ್ಯದಲ್ಲಿ ಆರ್ಮರರ್ ಆಗಿದ್ದವರು. ಅಂದರೆ ಗುಂಡು ಹಾರಿಸುವವರಲ್ಲ, ಹಾರಿಸುವವರ ಆಯುಧ ರಿಪೇರಿ ಮಾಡುವವರು. ಇಚ್ಛಾಪುರದ ಕಾರ್ಖಾನೆಯಲ್ಲಿ ತಯಾರಾದ 9 ಮಿ.ಮೀ. ಪಿಸ್ತೂಲುಗಳನ್ನು ಎಷ್ಟು ಬಿಚ್ಚಿ ಜೋಡಿಸಿದ್ದಾರೆಂದು ಅವರಿಗೇ ಲೆಕ್ಕವಿರಲಿಲ್ಲ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಒಂದು ಸಂಸ್ಥೆಯ ಹಣದ ಪೆಟ್ಟಿಗೆಯ ಜೊತೆ ಹೋಗುವ ಕೆಲಸ ಸಿಕ್ಕಿತು. ಅದಕ್ಕಾಗಿ 1998ರಲ್ಲಿ ಒಂದು .32 ಪಿಸ್ತೂಲು ಕೊಂಡರು. 9 ಮಿ.ಮೀ. ನಮ್ಮಂಥ ಸಾಮಾನ್ಯರಿಗೆ ನಿಷಿದ್ಧ; .32ಕ್ಕೆ ಲೈಸೆನ್ಸ್ ಸಿಗುತ್ತದೆ. ವಿದೇಶೀ ಪಿಸ್ತೂಲುಗಳ ಆಮದು ನಿಂತು ಹೋಗಿದ್ದರಿಂದ ಹಳೆಯ ವಿದೇಶೀ ಮಾಲಿಗೆ ವಿಪರೀತ ಬೆಲೆ ಇತ್ತು. ಪಿಂಚಣಿದಾರನ ಕೈಗೆ ಎಟುಕುವುದು ಸರಕಾರಿ ಕಾರ್ಖಾನೆಯದ್ದು ಮಾತ್ರ. ನೋಡಲು ಅಂದವೇನೂ ಇರಲಿಲ್ಲ. "ಇದು ಬಾಳಿಕೆ ಬರ್ತದಾ ಚಿಕ್ಕಪ್ಪ?" ಎಂದು ಕೇಳಿದ್ದೆ. "ಬಾಳಿಕೆ ಕಬ್ಬಿಣದಲ್ಲಿ ಅರ್ಧ, ಮನುಷ್ಯನಲ್ಲಿ ಅರ್ಧ ಮಾರಾಯ" ಎಂದಿದ್ದರು.

ಆ ಮಾತಿನ ಅರ್ಥ ನನಗೆ 2004ರ ಬೇಸಗೆಯಲ್ಲಿ ಗೊತ್ತಾಯಿತು.

ಅಂದು ಚಿಕ್ಕಪ್ಪ ಜ್ವರ ಹೊತ್ತುಕೊಂಡೇ ಕೆಲಸದಿಂದ ಬಂದು ಮಲಗಿದ್ದರು. ಚೀಲದಿಂದ ಪಿಸ್ತೂಲು ತೆಗೆದುಕೊಡು ಎಂದರು. ಲೈಸೆನ್ಸ್ ಇದ್ದವರ ಹೊರತು ಬೇರೆಯವರು ಮುಟ್ಟಬಾರದ ವಸ್ತು. ಆದರೂ ಮನೆಯೊಳಗೆ ತಾನೇ ಎಂದು ತೆಗೆದೆ. ನಾನು ಕನ್ನಡ ಶಾಲೆಯ ಮಾಸ್ತರ, ಎಲ್ಲವೂ ಗೊತ್ತೆಂಬ ಹಮ್ಮು. ಗುಂಡಿ ಒತ್ತಿ ಹಿಡಿಯ ಕೆಳಗಿನಿಂದ ಮ್ಯಾಗಝೀನ್ ಎಳೆದೆ. ಗುಂಡುಗಳೆಲ್ಲ ಅದರಲ್ಲೇ ಇದ್ದವು. "ಈಗ ಖಾಲಿ" ಎಂದೆ. ಚಿಕ್ಕಪ್ಪನ ಮೊಮ್ಮಗ, ಏಳು ವರ್ಷದವನು, "ನನಗೆ ಒಮ್ಮೆ ಕೊಡು ದೊಡ್ಡಪ್ಪ" ಎಂದು ಕೈ ಚಾಚಿದ. ನಾನು ಕೊಡುವವನಿದ್ದೆ. ಸುಳ್ಳು ಹೇಳುವುದಿಲ್ಲ, ಕೊಡುವವನೇ ಇದ್ದೆ.

"ಇಲ್ಲಿ ತಾ" ಎಂದರು ಚಿಕ್ಕಪ್ಪ, ಮಲಗಿದಲ್ಲಿಂದಲೇ. ಎದ್ದು ಕೂತು, ಪಿಸ್ತೂಲಿನ ಬಾಯಿಯನ್ನು ಗೋಡೆಯ ಕಡೆ ಮಾಡಿ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದರು. ಹಿತ್ತಾಳೆಯ ಒಂದು ಗುಂಡು ಹಾರಿ ಕಾವಿ ನೆಲದ ಮೇಲೆ ಬಿದ್ದು ಬೆಂಚಿನ ಅಡಿಗೆ ಉರುಳಿತು.

ಯಾರೂ ಮಾತಾಡಲಿಲ್ಲ. ಹೊರಗೆ ಚಿಕ್ಕಮ್ಮ ಅಡಿಕೆ ಸುಲಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಕೋವಿಗೂ ಪಿಸ್ತೂಲಿಗೂ ಇರುವ ವ್ಯತ್ಯಾಸ ಇದು. ಒಂಟಿ ನಳಿಗೆಯ ತೋಟೆ ಕೋವಿಯನ್ನು ಮಡಚಿ ತೆರೆದರೆ ನಳಿಗೆಯ ಆ ಬದಿಯ ಬೆಳಕು ಕಾಣುತ್ತದೆ. ಗುಂಡು ಇದೆಯೋ ಇಲ್ಲವೋ ಎಂದು ಮಗುವಿಗೂ ಗೊತ್ತಾಗುತ್ತದೆ. ಪಿಸ್ತೂಲಿನ ಗುಟ್ಟೆಲ್ಲ ಒಳಗೆ. ಒಂದು ಗುಂಡು ಹಾರಿದಾಗ ಅದರ ಒತ್ತಡಕ್ಕೇ ಸ್ಲೈಡ್ ಹಿಂದೆ ಸರಿಯುತ್ತದೆ, ಖಾಲಿ ತೋಟೆಯನ್ನು ಹೊರಗೆಸೆಯುತ್ತದೆ. ಸ್ಪ್ರಿಂಗು ಅದನ್ನು ಪುನಃ ಮುಂದೆ ತಳ್ಳುವಾಗ ಮ್ಯಾಗಝೀನಿನಿಂದ ಇನ್ನೊಂದು ಗುಂಡು ನಳಿಗೆಯ ಬುಡದ ಗೂಡಿಗೆ ಸೇರುತ್ತದೆ. ಒಮ್ಮೆ ಗೂಡಿಗೆ ಸೇರಿದ ಗುಂಡು ಮ್ಯಾಗಝೀನ್ ತೆಗೆದರೂ ಅಲ್ಲೇ ಕೂತಿರುತ್ತದೆ. ಅದನ್ನು ಕಾಣಬೇಕಾದರೆ ಸ್ಲೈಡ್ ಎಳೆಯಬೇಕು, ಕಣ್ಣಿಂದ ನೋಡಬೇಕು, ಬೆರಳು ಹಾಕಿ ಮುಟ್ಟಬೇಕು. ಆಯುಷ್ಯವೆಲ್ಲ ಇದನ್ನೇ ಇತರರಿಗೆ ಕಲಿಸಿದವರು ಅಂದು ಜ್ವರದ ಅಮಲಿನಲ್ಲಿ ತಾವೇ ಮರೆತಿದ್ದರು. ತಪ್ಪು ನನ್ನದಷ್ಟೇ ಆಗಿದ್ದರೆ ಬೈಯುತ್ತಿದ್ದರು. ಅವರದ್ದೂ ಇದ್ದುದರಿಂದ ಬೈಯಲಿಲ್ಲ.

ಮರುದಿನವೇ ಒಂದು ನೂರು ಪುಟದ ನೋಟುಪುಸ್ತಕ ಬಂತು. ಪಿಸ್ತೂಲು ಮುಟ್ಟಿದ ಪ್ರತಿ ಸಲ ತಾರೀಕು ಹಾಕಿ ಕನ್ನಡದಲ್ಲಿ ಮೂರು ಮಾತು: "ಎಳೆದೆ, ನೋಡಿದೆ, ಮುಟ್ಟಿದೆ." ಹಿಂದಿಯಲ್ಲಿ ಹುಕುಂ ಕೇಳಿ, ಇಂಗ್ಲಿಷಿನಲ್ಲಿ ಸಾಮಾನಿನ ಪಟ್ಟಿ ಓದಿದ ಮನುಷ್ಯ ಲೆಕ್ಕ ಬರೆದದ್ದು ಮಾತ್ರ ಕನ್ನಡದಲ್ಲಿ.

ಎರಡನೆಯ ಪಾಠ ಕಲಿಸಿದ್ದು ನಮ್ಮ ಮಳೆ. ಕಾಸರಗೋಡಿನ ಆಟಿ ತಿಂಗಳಲ್ಲಿ ಬೀರುವಿನ ಒಳಗಿನ ರೇಷ್ಮೆ ಸೀರೆಗೂ ಬೂಸಲು ಬರುತ್ತದೆ. ಕಬ್ಬಿಣದ ಮಾತು ಹೇಳಬೇಕೇ? 2013ರ ಮಳೆಗಾಲದಲ್ಲಿ ಚಿಕ್ಕಪ್ಪ ಎರಡು ತಿಂಗಳು ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟು ಹೋಗಿದ್ದರು. ಚಿಕ್ಕಮ್ಮ ಗಂಡನ ಪ್ರೀತಿಯ ವಸ್ತು ತುಕ್ಕು ಹಿಡಿಯಬಾರದೆಂದು ಪಿಸ್ತೂಲಿಗೆ ಧಾರಾಳವಾಗಿ ತೆಂಗಿನೆಣ್ಣೆ ಹಚ್ಚಿ, ಚರ್ಮದ ಚೀಲದೊಳಗೆ ಹಾಕಿ ಬೀರುವಿನಲ್ಲಿ ಇಟ್ಟರು. ತಲೆಗೆ, ಕತ್ತಿಗೆ, ಬಾಗಿಲ ತಿರುಗಣಿಗೆ ಎಲ್ಲದಕ್ಕೂ ಆಗುವ ಎಣ್ಣೆ ಇದಕ್ಕೇಕೆ ಆಗಬಾರದು?

ಚಿಕ್ಕಪ್ಪ ಬಂದು ತೆಗೆದರೆ ಸ್ಲೈಡ್ ಅಲುಗಲಿಲ್ಲ. ತೆಂಗಿನೆಣ್ಣೆ ಗಾಳಿಗೆ ಕನರಿ ಅಂಟಾಗಿತ್ತು. ಚರ್ಮ ತೇವ ಕುಡಿದು ಕೂತು, ತಾಗಿದ ಕಡೆಯೆಲ್ಲ ಕಬ್ಬಿಣವನ್ನು ತಿಂದಿತ್ತು. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಶ್ಶು, ಹತ್ತಿ ಬಟ್ಟೆಯ ಚೂರು ಇಟ್ಟುಕೊಂಡು ಎರಡು ದಿನ ಜಗಲಿಯಲ್ಲಿ ಕೂತರು. ನನ್ನನ್ನೂ ಕೂರಿಸಿದರು.

"ಪಿಸ್ತೂಲು ಹಾಳಾಗುವುದು ಗುಂಡು ಹೊಡೆದು ಅಲ್ಲ, ಹೊಡೆಯದೆ ಇಟ್ಟು" ಎಂದರು. ಸಣ್ಣ ಗುಂಡಿನ ಪಿಸ್ತೂಲಿನ ನಳಿಗೆ ಸಾವಿರಗಟ್ಟಲೆ ಹೊಡೆದರೂ ಬೇಗ ಸವೆಯುವುದಿಲ್ಲ. ಸೋಲುವುದು ಸಣ್ಣ ಸಾಮಾನು. ಸ್ಲೈಡನ್ನು ಮುಂದೆ ತಳ್ಳುವ ಸ್ಪ್ರಿಂಗಿಗೆ ಬಲ ಹೋದರೆ ಗುಂಡು ಅರ್ಧದಲ್ಲಿ ಸಿಕ್ಕಿಬೀಳುತ್ತದೆ. ಮ್ಯಾಗಝೀನಿನ ಮೇಲಂಚಿನ ತೆಳು ತಗಡು ಒಮ್ಮೆ ಕೆಳಗೆ ಬಿದ್ದು ಬಾಗಿದರೂ ಸಾಕು, ಗುಂಡು ಓರೆಯಾಗಿ ಏಳುತ್ತದೆ. ಖಾಲಿ ತೋಟೆಯನ್ನು ಎಳೆಯುವ ಕೊಕ್ಕೆಯ ಸಂದಿನಲ್ಲಿ ಮಸಿ ಕಟ್ಟಿದರೆ ಅದಕ್ಕೆ ಹಿಡಿತ ಇಲ್ಲ. ಎಣ್ಣೆ ಹೆಚ್ಚಾದರೂ ಅಪಾಯ: ಅದು ಗುಂಡಿನ ಬುಡದ ಮದ್ದಿಗೆ ಇಳಿದರೆ ಗುಂಡೇ ಸಿಡಿಯುವುದಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ, ಬಟ್ಟೆಯಲ್ಲಿ ಒರೆಸಿ ಇದೆಯೋ ಇಲ್ಲವೋ ಎನ್ನುವಷ್ಟು. ಚರ್ಮದ ಚೀಲ ಹೊರಗೆ ಹೋಗುವಾಗ ಮಾತ್ರ. ಮನೆಯಲ್ಲಿ ಒಣ ಬಟ್ಟೆ.

ಸ್ಪ್ರಿಂಗನ್ನು ಲೈಸೆನ್ಸ್ ಇರುವ ಅಂಗಡಿಯಲ್ಲಿ ಬದಲಿಸಿದರು. ತುಕ್ಕು ತಿಂದ ಗುಳಿಗಳು ಉಳಿದವು, ಸಿಡುಬಿನ ಕಲೆಯ ಹಾಗೆ. ಚಿಕ್ಕಮ್ಮನಿಗೆ ಮಾತ್ರ, "ನೀನು ಎಣ್ಣೆ ಹಾಕಿದ್ದಕ್ಕೆ ಇಷ್ಟಾದರೂ ಉಳಿಯಿತು" ಎಂದರು. ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು.

24 ವರ್ಷಗಳಲ್ಲಿ ಆ ಪಿಸ್ತೂಲು ಒಬ್ಬ ಮನುಷ್ಯನ ಕಡೆಗೂ ಎತ್ತಲ್ಪಡಲಿಲ್ಲ. ಅಧಿಕೃತ ಗುರಿಯಭ್ಯಾಸದ ಮೈದಾನದಲ್ಲಿ ಆಗೊಮ್ಮೆ ಈಗೊಮ್ಮೆ ಹಳೆಯ ಗುಂಡು ಹೊಡೆದು ಮುಗಿಸಿ ಹೊಸತು ತರುತ್ತಿದ್ದರು, ಅಷ್ಟೆ. ಪ್ರತಿ ಚುನಾವಣೆಗೆ ಆದೇಶ ಬಂದಾಗ ಠಾಣೆಯಲ್ಲಿ ಇಟ್ಟು ರಶೀದಿ ಪಡೆದು, ಮುಗಿದ ಮೇಲೆ ತಂದು, ಅದೇ ದಿನ ಬಿಚ್ಚಿ ಒರೆಸುತ್ತಿದ್ದರು. ಲೈಸೆನ್ಸಿನ ಅವಧಿ ಮೂರು ವರ್ಷ ಇದ್ದದ್ದು 2019ರ ತಿದ್ದುಪಡಿಯಿಂದ ಐದಾಯಿತು. "ಇನ್ನು ನನಗಿಂತ ಲೈಸೆನ್ಸಿಗೇ ಆಯುಷ್ಯ ಹೆಚ್ಚು" ಎಂದು ನಗುತ್ತಿದ್ದರು. ಹಾಗೆಯೇ ಆಯಿತು. 2022ರ ಮಳೆಗಾಲದಲ್ಲಿ ಹೋದರು.

ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಲ್ಲಿಯವರೆಗೆ ಆಯುಧ ಮನೆಯಲ್ಲಿ ಇರುವಂತಿಲ್ಲ, ಠಾಣೆಗೋ ಅಧಿಕೃತ ಅಂಗಡಿಗೋ ಒಪ್ಪಿಸಬೇಕು. ಬೆಂಗಳೂರಿನಲ್ಲಿರುವ ಮಗ ತನಗೆ ಬೇಡ ಎಂದ. "ಒರೆಸುವವರು ಯಾರು?" ಎಂದು ಕೇಳಿದ. ಅದಕ್ಕೆ ನನ್ನಲ್ಲೂ ಉತ್ತರ ಇರಲಿಲ್ಲ. ಅವನೂ, 25 ದಾಟಿದ ಅವನ ಮಗನೂ, ನಾನೂ ಠಾಣೆಗೆ ಹೋದೆವು. ನೋಟುಪುಸ್ತಕದ ಕೊನೆಯ ಬರಹ ಅವರು ತೀರಿಕೊಳ್ಳುವ ಹನ್ನೊಂದು ದಿನ ಮೊದಲಿನದ್ದು. ಅಕ್ಷರ ನಡುಗಿತ್ತು. ಮೂರು ಮಾತೂ ಇದ್ದವು.

ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದ ಪೊಲೀಸಿನವರು ಪಿಸ್ತೂಲನ್ನು ತಿರುಗಿಸಿ ನೋಡಿದರು. ಗುಳಿಗಳ ಮೇಲೂ ಎಣ್ಣೆಯ ತೆಳು ಹೊಳಪು. "ಇದ್ ಪುದಿಯದಾಣೋ?" ಎಂದು ಕೇಳಿದರು, ಹೊಸತೇ ಎಂದು. 24 ವರ್ಷದ್ದು ಎಂದೆ. ಅವರು ಮ್ಯಾಗಝೀನ್ ಎಳೆದು ಮೇಜಿನ ಮೇಲಿಟ್ಟು ತಲೆಯಾಡಿಸಿದರು. ಖಾಲಿ.

ನನ್ನ ಬಾಯಿಂದ ತಾನಾಗಿಯೇ ಬಂತು: "ಸಾರೇ, ಸ್ಲೈಡ್ ಕೂಡಿ ನೋಕ್ಕಣಂ."

ಅವರು ಬೇಸರಿಸಲಿಲ್ಲ. ನಕ್ಕು, ಬಾಯಿಯನ್ನು ಗೋಡೆಯ ಕಡೆ ಮಾಡಿ, ಎಳೆದರು. ಬೆಣ್ಣೆಯ ಹಾಗೆ ಸರಿಯಿತು. ಏನೂ ಬೀಳಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗ ಮೊಬೈಲು ನೋಡುತ್ತಿದ್ದ; ಅವನಿಗೆ ಆ ಬೇಸಗೆಯ ನೆನಪು ಇದ್ದಂತಿರಲಿಲ್ಲ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ.