ವಾಯುಪೇಟಿಕೆ

ಜಯಪುರದಿಂದ ಬಾಳೆಹೊನ್ನೂರಿನ ಕಡೆಗೆ ಹೋಗತಕ್ಕ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಅಡಕೆಯ ತೋಟದ ಮೇಲ್ಭಾಗದಲ್ಲಿ ಒಂದು ಹಳೆಯ ಮನೆಯಿರುವುದು. ಅದರ ಕೊಟ್ಟಿಗೆಗೆ ಹೊಂದಿಕೊಂಡ ಮಾಡಿನ ಕೆಳಗೆ, ಆ ಮನೆಯವರದೇ ಆದ ಒಂದು ಮೋಟಾರು ಗಾಡಿಯುಂಟು. ಇಬ್ಬರಿಗೆ ಮಾತ್ರ ಸ್ಥಳವಿರುವ, ಬಟ್ಟೆಯ ಮೇಲ್ಮುಚ್ಚಿಗೆಯ ಎಂ.ಜಿ. ಟಿ.ಡಿ. ಎಂಬ ಜಾತಿಯದು. ಇಂಗ್ಲೆಂಡಿನ ಆ್ಯಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1949ರ ಕೊನೆಯಿಂದ 1953ರ ವರೆಗೆ ಈ ಗಾಡಿಗಳು ತಯಾರಾದವು. ಸ್ವದೇಶಕ್ಕೆ ಹೊರಟುನಿಂತ ಬಿಳಿಯ ತೋಟಗಾರನೊಬ್ಬನಿಂದ ಈ ಮನೆಯ ತಂದೆಯವರು 1957ರಲ್ಲಿ ಇದನ್ನು ಕೊಂಡರು. ಅಡಕೆಯ ಮೂಟೆಯನ್ನು ಹಾಕಲು ಜಾಗವಿಲ್ಲದ ವಾಹನವನ್ನು ಕೊಂಡ ಮನುಷ್ಯನ ಬುದ್ಧಿಯ ವಿಷಯದಲ್ಲಿ ಊರಿನವರು ಆಗ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ.

ಗಾಡಿಯ ಯಂತ್ರಕ್ಕೆ ನಾಲ್ಕು ಸಿಲಿಂಡರುಗಳು, ಎರಡು ಕಾರ್ಬುರೇಟರುಗಳು. ಪೆಟ್ರೋಲನ್ನೂ ಗಾಳಿಯನ್ನೂ ಹದವರಿತು ಬೆರೆಸಿ ಯಂತ್ರಕ್ಕೆ ಉಣಿಸುವುದು ಕಾರ್ಬುರೇಟರಿನ ಕೆಲಸ. ಅಡಿಗೆಮನೆಯಲ್ಲಿ ಉಪ್ಪು ಹುಳಿಗಳನ್ನು ಕೂಡಿಸುವವರ ಕೆಲಸವಿದ್ದಂತೆ. ಇವು ಎಸ್.ಯು. ಎಂಬ ಹೆಸರಿನವು. ಪಾದರಕ್ಷೆಯ ವ್ಯಾಪಾರದ ಮನೆತನಕ್ಕೆ ಸೇರಿದ ಸ್ಕಿನ್ನರ್ ಸಹೋದರರು ಇವನ್ನು ರೂಢಿಗೆ ತಂದರು. ಅವರ ಕಂಪೆನಿ 1910ರಲ್ಲಿ ಸ್ಥಾಪಿತವಾಯಿತು. ಮೊದಮೊದಲು ಇದರೊಳಗೆ ಇದ್ದದ್ದು ತೊಗಲಿನ ತಿದಿ. ಚಪ್ಪಲಿಯವರ ಕೈಗೆ ತೊಗಲು ಮೊದಲು ತೋರಿದುದು ಸಹಜವೇ ಸರಿ. ಆಮೇಲೆ ತಿದಿಯ ಬದಲಿಗೆ ಲೋಹದ ಪಿಸ್ಟನ್ನು ಬಂದಿತು. ಯಂತ್ರವು ಎಷ್ಟು ಬಲವಾಗಿ ಉಸಿರೆಳೆಯುವುದೋ ಅಷ್ಟು ಎತ್ತರಕ್ಕೆ ಪಿಸ್ಟನ್ನು ಏಳುವುದು; ಅದರ ತಳದಲ್ಲಿ ಕಟ್ಟಿರುವ ಮೊನಚಾದ ಸೂಜಿಯೂ ಜೊತೆಗೆ ಏಳುವುದು; ಸೂಜಿ ಎದ್ದಷ್ಟೂ ಜೆಟ್ಟಿನ ರಂಧ್ರ ಅಗಲವಾಗಿ ಪೆಟ್ರೋಲು ಹೆಚ್ಚು ಬರುವುದು. ಇಷ್ಟು ಸರಳವಾದ ಯುಕ್ತಿಯೊಂದು ಇಷ್ಟು ಕಾಲ ಬಾಳಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಎರಡು ಕಾರ್ಬುರೇಟರುಗಳ ಬಾಯಿಗಳಿಗೂ ಸೇರಿಸಿ ಕಾರ್ಖಾನೆಯವರು ಒಂದು ಲೋಹದ ಪೆಟ್ಟಿಗೆಯನ್ನು ಕೂರಿಸಿದ್ದರು. ಸಂಸ್ಕೃತದಲ್ಲಿ ವಾಯುಪೇಟಿಕೆ ಎನ್ನಬಹುದು; ಕೊಪ್ಪದ ಮೆಕ್ಯಾನಿಕ್ಕನು ಏರ್ ಬಾಕ್ಸು ಎನ್ನುವನು; ಅವನ ಮಾತೇ ಬೇಗ ಅರ್ಥವಾಗುವುದು. ಹೊರಗಿನ ಗಾಳಿ ಮೊದಲು ಎಣ್ಣೆ ತುಂಬಿದ ಒಂದು ಪಾತ್ರೆಯ ಮೇಲೆ ಹಾಯ್ದು, ಧೂಳನ್ನು ಅಲ್ಲಿಯೇ ಬಿಟ್ಟು, ಶುದ್ಧವಾಗಿ ಪೆಟ್ಟಿಗೆಗೆ ಬಂದು, ಅಲ್ಲಿಂದ ಎರಡು ಕವಲಾಗಿ ಒಳಹೋಗುವುದು. ಯಂತ್ರವು ಒಮ್ಮೊಮ್ಮೆ ಹಿಮ್ಮುಖವಾಗಿ ಕೆಮ್ಮಿ ಬೆಂಕಿಯುಗುಳಿದರೆ ಆ ಜ್ವಾಲೆ ಹೊರಕ್ಕೆ ಹಾರದಂತೆ ತಡೆಯುವುದೂ ಇದೇ.

1968ರ ಬೇಸಗೆಯಲ್ಲಿ ಪೇಟೆಯ ಮೆಕ್ಯಾನಿಕ್ಕನೊಬ್ಬನು, ಇದು ಗಾಡಿಯ ಉಸಿರು ಕಟ್ಟಿಸುವುದೆಂದು ಹೇಳಿ, ಪೆಟ್ಟಿಗೆಯನ್ನೂ ಪಾತ್ರೆಯನ್ನೂ ಬಿಚ್ಚಿ ಕೈಯಲ್ಲಿ ಕೊಟ್ಟನು. ಗಾಡಿ ಒಂದಿಷ್ಟು ಚುರುಕಾದಂತೆ ತೋರಿತು. ಗರ್ಜನೆಯಂತೂ ಹೆಚ್ಚಿತು, ಹುಡುಗರಿಗೆ ಅದರಿಂದ ಪರಮ ಸಂತೋಷ. ಆದರೆ ಮಲೆನಾಡೆಂದರೆ ಮಳೆಯೊಂದೇ ಎಂದು ತಿಳಿದವರು ಮಾಘ ಫಾಲ್ಗುಣಗಳಲ್ಲಿ ತೋಟದ ದಾರಿಗಳನ್ನು ನೋಡಿದವರಲ್ಲ. ಕಾಫಿಯ ಹೂಮಳೆ ಬೀಳುವ ವರೆಗೆ ಅಲ್ಲಿಯ ಕೆಂಪು ಧೂಳು ಗಿಡಗಳ ಎಲೆಯ ಮೇಲೆ ಕಾವಿಬಟ್ಟೆಯಂತೆ ಕುಳಿತಿರುತ್ತದೆ. ಆ ಧೂಳನ್ನು ಬರಿಯ ಬಾಯಿಂದ ಉಂಡ ಯಂತ್ರದ ಸಿಲಿಂಡರುಗಳು, ಮರಳುಕಾಗದದಿಂದ ತಿಕ್ಕಿದಂತೆ, ಹತ್ತು ವರ್ಷಗಳೊಳಗೆ ಸವೆದುಹೋದವು. ಗಾಡಿ ಎಣ್ಣೆ ಕುಡಿದು ನೀಲಿ ಹೊಗೆ ಬಿಡತೊಡಗಿತು. ಕೊನೆಗೆ ಮಾಡಿನ ಕೆಳಗೆ ನಿಂತಿತು.

ತಂದೆಯವರು 1984ರಲ್ಲಿ ತೀರಿಕೊಂಡರು. ಎರಡು ವರ್ಷಗಳಾದ ಮೇಲೆ ಮಕ್ಕಳಿಬ್ಬರಿಗೂ ಹಿಸ್ಸೆಯಾಯಿತು. ತೋಟ ಗದ್ದೆಗಳು, ಒಡವೆ ಪಾತ್ರೆಗಳು, ಬಾವಿಯ ನೀರಿನ ಸರದಿ, ಎಲ್ಲವೂ ಕಾಗದದ ಮೇಲೆ ಬಂದವು. ಮನೆಯೂ ಗಾಡಿಯೂ ಹಿರಿಯವರ ಪಾಲಿಗೆ ಸೇರಿದವು. ಕಿರಿಯವರು ಬಯಲಿನ ಆಚೆ ಹೊಸ ಮನೆ ಕಟ್ಟಿದರು. ಸಾಮಾನುಗಳನ್ನು ಸಾಗಿಸುವಾಗ ಅಟ್ಟದ ಮೇಲಿನ ಹಳೆಯ ಕಬ್ಬಿಣದ ರಾಶಿಯೊಂದಿಗೆ ಆ ವಾಯುಪೇಟಿಕೆಯೂ ಅತ್ತ ಹೋಯಿತು. ಅದು ಯಾರ ಪಾಲಿನದೆಂದು ಕಾಗದದಲ್ಲಿ ಬರೆದಿರಲಿಲ್ಲ. ಬಾವಿಯ ನೀರಿನ ದೆಸೆಯಿಂದ ಒಂದು ಮಾತು ಬೆಳೆದು, ಆಮೇಲೆ ಮಾತೇ ನಿಂತಿತು. ವಿಭಕ್ತರಾದ ಸಹೋದರರು ತಂದೆಯ ಶ್ರಾದ್ಧವನ್ನು ಬೇರೆಬೇರೆಯಾಗಿ ಮಾಡತಕ್ಕದ್ದೆಂದು ಧರ್ಮಶಾಸ್ತ್ರ ಹೇಳುವುದು ನಿಜ. ಒಂದೇ ತಿಥಿಯಲ್ಲಿ, ಒಂದೇ ಪುರೋಹಿತರು ಬೆಳಗ್ಗೆ ಒಂದು ಮನೆಗೂ ಆಮೇಲೆ ಇನ್ನೊಂದು ಮನೆಗೂ ಅವಸರದಿಂದ ಓಡಾಡುತ್ತಿರುವಾಗ, ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡಬಾರದೆಂದು ಮಾತ್ರ ಯಾವ ಸ್ಮೃತಿಯಲ್ಲಿಯೂ ಇಲ್ಲ.

ಹಿರಿಯವರಿಗೆ ಎಪ್ಪತ್ತೈದು ತುಂಬಿದ ಮೇಲೆ ಗಾಡಿಯನ್ನು ಓಡಿಸಬೇಕೆಂಬ ಆಸೆ ಹುಟ್ಟಿತು. ಸಿಲಿಂಡರುಗಳನ್ನು ಕೊರೆಯಿಸಿ ಹೊಸ ಪಿಸ್ಟನ್ನುಗಳನ್ನು ಹಾಕಿಸಿದುದಾಯಿತು. ಕೊಪ್ಪದ ಮೆಕ್ಯಾನಿಕ್ಕನು ಅಂಬಾಸಿಡರ್ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡವನು, ಅವುಗಳಲ್ಲಿದ್ದದ್ದೂ ಎಸ್.ಯು. ಕಾರ್ಬುರೇಟರೇ, ಆದರೆ ಒಂದೇ ಒಂದು. ಗಾಡಿ ಶಬ್ದಮಾಡಿ ಎದ್ದುನಿಂತ ದಿನ ಅವನು ಎರಡು ಬರಿಯ ಬಾಯಿಗಳನ್ನೂ ತೋರಿಸಿ, ಇವನ್ನು ಮುಚ್ಚದೆ ರಸ್ತೆಗೆ ಇಳಿಸಿದರೆ ಖರ್ಚು ಮಾಡಿದ ಹಣವೆಲ್ಲ ಮಣ್ಣುಪಾಲು ಎಂದನು. ಅದು ಅಲಂಕಾರದ ಮಾತಲ್ಲ, ಅಕ್ಷರಶಃ ಸತ್ಯ. ವಿದೇಶದಿಂದ ಹೊಸದನ್ನು ತರಿಸಬಹುದಾಗಿತ್ತು. ತಗಡಿನ ಕೆಲಸದವರಿಂದ ಒಂದನ್ನು ಮಾಡಿಸಬಹುದೂ ಆಗಿತ್ತು. ಹಿರಿಯವರು ಎಂಟು ದಿವಸ ಏನನ್ನೂ ಹೇಳಲಿಲ್ಲ. ಒಂಬತ್ತನೆಯ ದಿನ ಊರುಗೋಲು ಹಿಡಿದು ಬಯಲನ್ನು ದಾಟಿದರು.

ಕಿರಿಯವರ ಮನೆಯಲ್ಲಿ ಏನೇನು ಮಾತಾಯಿತೆಂಬುದು ಹೆಚ್ಚು ಜನಕ್ಕೆ ತಿಳಿಯದು. ಮೊದಲು ಕಾಫಿ ಬಂದಿತು; ಅಡಕೆಯ ಕೊಳೆರೋಗದ ವಿಚಾರ ಬಂದಿತು. ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಹಿರಿಯವರು, “ಗಾಡಿಯ ಒಂದು ಪೆಟ್ಟಿಗೆ ನಿನ್ನಲ್ಲಿ ಇರಬೇಕು” ಎಂದರು. ಕೊಡು ಎನ್ನಲಿಲ್ಲ. ಕಿರಿಯವರು ತಾವೇ ಏಣಿಯಿಟ್ಟು ಅಟ್ಟಕ್ಕೆ ಹತ್ತಿದರು. ಎಣ್ಣೆಯ ಪಾತ್ರೆಯಲ್ಲಿ ಮೊಳೆ ಸ್ಕ್ರೂಗಳು ತುಂಬಿದ್ದವು. ಅವನ್ನು ಒಂದು ಗೆರಸೆಗೆ ಸುರಿದು ಪಾತ್ರೆಯನ್ನು ಕೊಟ್ಟರು. ಪೆಟ್ಟಿಗೆಯೊಳಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿತ್ತು. “ಎರಡು ಬಾಯಿಯೂ ಸರಿಯಾಗಿ ಕೂರುವುದೇ?” ಎಂದು ಅವರು ಕೇಳಿದರು. ಹಿರಿಯವರು, “ನಾಳೆ ಮೆಕ್ಯಾನಿಕ್ಕು ಬರುವನು, ಬಂದು ನೋಡು” ಎಂದರು.

ಮರುದಿನ ಅದು ಸರಿಯಾಗಿ ಕೂರಲಿಲ್ಲ. ಒಂದು ಬಾಯಿಗೆ ಬೋಲ್ಟುಗಳು ಇಳಿದರೆ ಇನ್ನೊಂದರಲ್ಲಿ ಒಂದು ನೂಲಿನಷ್ಟು ಅಂತರ ಉಳಿಯುತ್ತಿತ್ತು. ಬೋಲ್ಟನ್ನು ಬಿಗಿದು ಎಳೆದುಬಿಡೋಣವೆಂದು ಹಿರಿಯವರ ಸಲಹೆ. ಮೆಕ್ಯಾನಿಕ್ಕನು ಒಪ್ಪಲಿಲ್ಲ. ಬಲಾತ್ಕಾರದಿಂದ ಎಳೆದರೆ ಕಾರ್ಬುರೇಟರಿನ ಮೈ ಸೊಟ್ಟಗಾಗಿ, ಯಂತ್ರಕ್ಕೆ ತಗಲುವ ಕಡೆಯಲ್ಲಿ ಸಂದುಬಿಟ್ಟು ಕಳ್ಳಗಾಳಿ ನುಗ್ಗುವುದು. ಪೆಟ್ಟಿಗೆಯ ಕಡೆಯ ಸಂದಿನಿಂದ ಬಂದರೆ ಧೂಳು ಮಾತ್ರ ಬಂದೀತು. ಯಂತ್ರದ ಕಡೆಯಿಂದ ಬಂದರೆ ಮಿಶ್ರಣದ ಹದವೇ ಕೆಡುವುದು. ಪರೀಕ್ಷಿಸಲಾಗಿ, ಹಿಂದೆ ಯಾರೋ ಒಂದು ಕಾರ್ಬುರೇಟರಿಗೆ ದಪ್ಪನೆಯ ಗ್ಯಾಸ್ಕೆಟ್ಟನ್ನೂ ಇನ್ನೊಂದಕ್ಕೆ ತೆಳ್ಳನೆಯದನ್ನೂ ಹಾಕಿದ್ದುದು ಕಂಡಿತು. ಎರಡಕ್ಕೂ ಸಮನಾದವನ್ನು ಕತ್ತರಿಸಿದರು. ಎಸ್.ಯು.ಗಳ ಕೆಲವು ಬಗೆಗಳಲ್ಲಿ ಬಾಯಿಯ ಅಂಚಿನಲ್ಲಿಯೇ ಪಿಸ್ಟನ್ನಿಗೆ ಗಾಳಿಯಾಡುವ ಸಣ್ಣ ರಂಧ್ರಗಳಿರುತ್ತವೆ. ಗ್ಯಾಸ್ಕೆಟ್ಟು ತಲೆಕೆಳಗಾದರೆ ಅವು ಮುಚ್ಚಿಹೋಗಿ ಪಿಸ್ಟನ್ನು ಮೇಲೇಳದು. ಅದನ್ನೂ ಅವನು ನೋಡಿಕೊಂಡನು. ಆಮೇಲೆ ಎಲ್ಲ ನಟ್ಟುಗಳನ್ನೂ ಸಡಿಲವಾಗಿಯೇ ಇಟ್ಟು, ಪೆಟ್ಟಿಗೆಯನ್ನು ಬೆರಳಿನ ಬಿಗಿಯಲ್ಲಿ ಕೂರಿಸಿ, ಕಾರ್ಬುರೇಟರುಗಳು ತಮ್ಮ ಸ್ಥಾನವನ್ನು ತಾವೇ ಕಂಡುಕೊಂಡ ಮೇಲೆ, ಸರದಿಯಂತೆ ಸ್ವಲ್ಪಸ್ವಲ್ಪವಾಗಿ ಬಿಗಿದನು.

ಆದರೆ ಪೆಟ್ಟಿಗೆ ಕೂತ ಮೇಲೆ ಎರಡೂ ಸಮನಾಗಿ ಉಸಿರಾಡುತ್ತಿವೆಯೇ ಎಂದು ಬಾಯಿಗೆ ಕಿವಿಗೊಟ್ಟು ತಿಳಿಯುವಂತಿಲ್ಲ. ಆದಕಾರಣ ಮತ್ತೆ ಕಳಚಿ, ಯಂತ್ರವನ್ನು ಮಂದವಾಗಿ ಓಡಿಸಿ, ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಬಾಯಿಗೂ ಹಿಡಿದು, ಎರಡರ ಹಿಸ್ಸೆಂಬ ಶಬ್ದವೂ ಒಂದೇ ಸಮನಾಗುವ ವರೆಗೆ ತಿರುಪುಗಳನ್ನು ತಿರುಗಿಸಬೇಕಾಯಿತು. ಹಿರಿಯವರ ಕಿವಿ ಈಗ ಮಂದ. ಕೊಳವೆಯನ್ನು ಕಿರಿಯವರು ತೆಗೆದುಕೊಂಡರು. “ಹಿಂದಿನದು ಹೆಚ್ಚು”, “ಈಗ ಮುಂದಿನದು”, “ಇಲ್ಲ, ಒಂದು ಎಳೆ ಕಡಿಮೆ ಮಾಡು” ಎಂದು ಹೇಳುತ್ತಾ ಅರ್ಧ ಗಂಟೆಯ ಕಾಲ ಗಾಡಿಯ ಮೇಲೆ ಬಾಗಿ ನಿಂತಿದ್ದರು.

ಪೆಟ್ಟಿಗೆಯನ್ನು ಮತ್ತೆ ಕೂರಿಸಿ, ಪಾತ್ರೆಗೆ ಗುರುತಿನ ವರೆಗೆ ಎಣ್ಣೆ ಹೊಯ್ದು ಚಾಲೂ ಮಾಡಿದಾಗ ಯಂತ್ರ ಕರಿಯ ಹೊಗೆಯುಗುಳಿ ಕುಂಟತೊಡಗಿತು. ಹಿರಿಯವರ ಮುಖ ಬಾಡಿತು. ಪೇಟೆಯ ಮೆಕ್ಯಾನಿಕ್ಕನ ಮಾತೇ ನಿಜವಾಯಿತೋ ಏನೋ! ಕಾರಣ ಬೇರೆ. ಬರಿಯ ಬಾಯಿಯಲ್ಲಿ ಗಾಳಿ ತಡೆಯಿಲ್ಲದೆ ನುಗ್ಗುತ್ತಿದ್ದ ಕಾಲದಲ್ಲಿ, ಹದಕ್ಕಾಗಿ ಜೆಟ್ಟುಗಳನ್ನು ಕೆಳಕ್ಕೆ ಇಳಿಸಿ ಪೆಟ್ರೋಲನ್ನು ಹೆಚ್ಚಿಸಿಟ್ಟಿದ್ದರು. ಪೆಟ್ಟಿಗೆ ಬಂದು ಗಾಳಿಗೆ ತಡೆಯಾದಾಗ ಆ ಪೆಟ್ರೋಲು ಮಿತಿಮೀರಿತು. ಜೆಟ್ಟಿನ ಕೆಳಗಿನ ಆರು ಮುಖದ ನಟ್ಟನ್ನು ಒಂದೊಂದೇ ಮುಖದಷ್ಟು, ಎರಡರಲ್ಲಿಯೂ ಒಂದೇ ಲೆಕ್ಕದಲ್ಲಿ, ಮೇಲಕ್ಕೆ ತಿರುಗಿಸುತ್ತ ಬಂದರು. ಪಿಸ್ಟನ್ನನ್ನು ಕೂದಲಿನಷ್ಟು ಎತ್ತಿದಾಗ ಯಂತ್ರದ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು. ಉಸಿರುಕಟ್ಟಿ ನಿಂತುಹೋದರೆ ಕಡಿಮೆ. ಕ್ಷಣಮಾತ್ರ ಏರಿ ಮತ್ತೆ ಮೊದಲಿನಂತಾದರೆ ಹದ. ಎರಡು ಮುಖ ತಿರುಗಿಸಿದಾಗ ಹೊಗೆ ನಿಂತಿತು. ಮೂರನೆಯದಕ್ಕೆ ಹದ ಬಂದಿತು. ಗರ್ಜನೆ ಹೋಗಿ, ಊಟವಾದ ಮನುಷ್ಯನು ಮಲಗಿ ಉಸಿರಾಡುವಂತಹ ಒಂದು ಮೆಲ್ಲನೆಯ ಧ್ವನಿ ಉಳಿಯಿತು.

ಬೋಲ್ಟುಗಳಲ್ಲಿ ಒಂದು ಮೊದಲಿನಿಂದಲೂ ಕಾಣೆಯಾಗಿತ್ತು. ಅದರ ಬದಲಿಗೆ ಮೆಕ್ಯಾನಿಕ್ಕನು ಬೇರೊಂದನ್ನು ಹಾಕಿಕೊಟ್ಟು ಹೋದನು. ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಕಿರಿಯವರ ಮೊಮ್ಮಗನು ಬಯಲು ದಾಟಿ ಓಡಿಬಂದು, ಕಾಗದದಲ್ಲಿ ಸುತ್ತಿದ ಒಂದು ಹಳೆಯ ಬೋಲ್ಟನ್ನು ಹಿರಿಯವರ ಕೈಯಲ್ಲಿಟ್ಟನು. ಗೆರಸೆಯ ಮೊಳೆಗಳ ನಡುವೆ ಅದು ಸಿಕ್ಕಿತ್ತಂತೆ. ಹಿರಿಯವರು ಒಳಗಿನಿಂದ ಸ್ಪ್ಯಾನರು ತರಿಸಿ, ಲಾಟೀನಿನ ಬೆಳಕಿನಲ್ಲಿ, ಬೇರೆಯದನ್ನು ತೆಗೆದು ಇದನ್ನು ಹಾಕಿದರು.