ಓಡುತ್ತಲೇ ಗಡಿ ದಾಟುತ್ತಿದ್ದ ಕಾಲ

ಡೆಟ್ರಾಯಿಟ್‌ಗೆ ಕಾರು ಕಂಪನಿಗಳ ಕೆಲಸ ಹುಡುಕಿ ಹೋದ ಕನ್ನಡಿಗರಲ್ಲಿ ನಾನೂ ಒಬ್ಬ. ಅಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ನದಿಯಾಚೆ ಕಾಣುವುದು ಕೆನಡಾದ ವಿಂಡ್ಸರ್. ಅಕ್ಟೋಬರಿನ ಫ್ರೀ ಪ್ರೆಸ್ ಮ್ಯಾರಥಾನ್ ಅಂಬಾಸಡರ್ ಸೇತುವೆ ಹತ್ತಿ ಆ ದೇಶಕ್ಕೆ ಹೋಗಿ, ನದಿಯ ಕೆಳಗಿನ ಸುರಂಗದಲ್ಲಿ ಈ ದೇಶಕ್ಕೆ ಮರಳುತ್ತಿತ್ತು. ಫ್ರೀ ಪ್ರೆಸ್ ಪತ್ರಿಕೆಯ ಹೆಸರಿನಲ್ಲಿ ಓಟ ಶುರುವಾದದ್ದು 1978ರಲ್ಲಿ. ಸೇತುವೆ 1929ರದು, ಸುರಂಗ 1930ರದು.

ಹೊರಡುವಾಗ ಇನ್ನೂ ಕತ್ತಲೆ, ಕೊರೆಯುವ ಚಳಿ. ಹಳೇ ಬಟ್ಟೆ ಅಂಗಡಿಯಲ್ಲಿ ಎರಡು ಡಾಲರಿಗೆ ಸ್ವೆಟರ್ ಕೊಂಡು, ಮೈ ಬಿಸಿಯಾದ ಮೇಲೆ ದಾರಿಬದಿಗೆ ಎಸೆಯುತ್ತಿದ್ದೆವು. ಮಂಡಿಗೆ ನೀಲಗಿರಿ ತೈಲ ತಿಕ್ಕಿಕೊಂಡು ನಿಂತರೆ ಸುತ್ತ ನಾಲ್ಕಾರು ಜನ ತಿರುಗಿ ನೋಡುತ್ತಿದ್ದರು. ಮನೆಯಾಕೆ ಹೊಲಿದುಕೊಟ್ಟ ಸಣ್ಣ ಹಸಿಬೆ ಸೊಂಟದಲ್ಲಿರುತ್ತಿತ್ತು. ಅದರೊಳಗೆ ಪಾಸ್‌ಪೋರ್ಟು, ಗ್ರೀನ್ ಕಾರ್ಡು, ಎರಡು ಹುರಿಗಡಲೆ ತಂಬಿಟ್ಟು. ಈಗಿನವರು ಜೆಲ್ ಹೀರುತ್ತಾರೆ. ಹೊಟ್ಟೆಗೆ ಅದು ಹಗುರ, ನಿಜ.

ಸೇತುವೆಯ ಏರು ಉಸಿರು ಕಟ್ಟಿಸುತ್ತಿತ್ತು. ನೆತ್ತಿ ತಲುಪುವ ಹೊತ್ತಿಗೆ ಪೂರ್ವ ಕೆಂಪೇರಿ, ಕೆಳಗೆ ನದಿ ಮಿನುಗುತ್ತಿತ್ತು. ವಿಂಡ್ಸರ್‌ನಲ್ಲಿ ಜನ ಮನೆ ಮುಂದೆ ನಿಂತು ಗಂಟೆ ಬಾರಿಸಿ ಬರಮಾಡಿಕೊಳ್ಳುತ್ತಿದ್ದರು.

ಸುರಂಗದ ಉದ್ದ ಸುಮಾರು ಒಂದು ಮೈಲಿ. ಹೊರಗೆ ಚಳಿಯಿದ್ದರೂ ಒಳಗೆ ಸೆಕೆ, ಬೆವರಿನ ಕಮಟು. ಮೊದಲು ಇಳಿಜಾರು, ಆಮೇಲೆ ಏರು. ಗಡಿಗೆರೆಯ ಹತ್ತಿರ ಎರಡೂ ದೇಶದ ಬಾವುಟ ಕಂಡೊಡನೆ ಎಲ್ಲರೂ ಕೂಗುತ್ತಿದ್ದರು, ನಾನಂತೂ ಗಂಟಲು ಬಿರಿಯುವ ಹಾಗೆ. ಉಪಗ್ರಹ ನಂಬಿದ ಇಂದಿನ ಗಡಿಯಾರಗಳು ಅಲ್ಲಿ ದಾರಿ ತಪ್ಪುತ್ತವೆ. ಕೀಲಿ ಕೊಡುವ ನನ್ನ ಎಚ್‌ಎಂಟಿಗೆ ಆ ತೊಂದರೆ ಇರಲಿಲ್ಲ, ಆದರೆ ಎಷ್ಟು ದೂರ ಓಡಿದೆ ಎಂದು ಅದು ಹೇಳುತ್ತಲೂ ಇರಲಿಲ್ಲ.

ಆಗ ಅಮೆರಿಕದ ಸ್ನೇಹಿತರು ಪಾಸ್‌ಪೋರ್ಟ್ ಇಲ್ಲದೆಯೇ ವಿಂಡ್ಸರ್‌ಗೆ ಊಟಕ್ಕೆ ಹೋಗಿ ಬರುತ್ತಿದ್ದರು. 2001ರ ಸೆಪ್ಟೆಂಬರ್ ದಾಳಿಯಾದ ಮೇಲೆ ಆ ವರ್ಷದ ಓಟ ಗಡಿ ದಾಟಲಿಲ್ಲ. 2009ರ ಜೂನ್‌ನಿಂದ ಅವರಿಗೂ ಗಡಿಯಲ್ಲಿ ಪಾಸ್‌ಪೋರ್ಟ್ ಅಥವಾ ಅದಕ್ಕೆ ಸಮನಾದ ಕಾಗದ ಕಡ್ಡಾಯವಾಯಿತು. ಕೊರೊನಾ ಕಾಲದ 2021ರಲ್ಲಿ ಓಟ ಮತ್ತೆ ಅಮೆರಿಕದೊಳಗೇ ಮುಗಿದು, 2022ರಲ್ಲಿ ನದಿ ದಾಟಿತು.

ಗಡಿ ಬಿಗಿಯಾದದ್ದು ಇನ್ನು ಸಡಿಲವಾಗುವುದಿಲ್ಲ. ಆದರೂ ಎರಡು ದೇಶಗಳು ಒಂದು ಬೆಳಗಿನ ಮಟ್ಟಿಗೆ ಸೇತುವೆಯನ್ನೂ ಸುರಂಗವನ್ನೂ ಕಾಲ್ನಡಿಗೆಯವರಿಗೆ ಬಿಟ್ಟುಕೊಡುವುದು ದೊಡ್ಡ ಮಾತು. ಮೊಣಕಾಲು ಗಟ್ಟಿ ಇರುವಾಗಲೇ ಒಮ್ಮೆ ಓಡಿ ಬನ್ನಿ. ಪಾಸ್‌ಪೋರ್ಟಿನ ಅವಧಿ ಮಾತ್ರ ಮೊದಲೇ ನೋಡಿಕೊಳ್ಳಿ.